'ಆಗಲಿಲ್ಲ' ಬೇರೆ, 'ಗೊತ್ತಿಲ್ಲ' ಬೇರೆ

ಕಳೆದ ಮೇ ತಿಂಗಳ ಮೊದಲ ದಿನ ನಾನು ಶ್ರೀರಾಂಪುರದ 286 ಮನೆಗಳಿಗೆ ಎರಡೆರಡು ಸಲ ನೀರಿನ ಬಿಲ್ ಹಾಕಿದೆ. ತಪ್ಪು ನನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರಿಂದ ಕಲಿತದ್ದು ನಮ್ಮ ಕಾಲೇಜಿನ ಎಲ್ಲರಿಗೂ ಬೇಕಾದದ್ದು ಅನ್ನಿಸಿ ಬರೆಯುತ್ತಿದ್ದೇನೆ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ, ಶುಲ್ಕ ಕಟ್ಟುವಾಗ, ಫೋನಿನಲ್ಲಿ ಹಣ ಕಳಿಸುವಾಗ ನಾವೆಲ್ಲರೂ ಒಂದು ಬಟನ್ ಒತ್ತಿ, ಸುತ್ತುತ್ತಿರುವ ಚಕ್ರವನ್ನು ನೋಡುತ್ತಾ ಕೂತಿರುತ್ತೇವೆ. ಆ ಚಕ್ರದ ಹಿಂದೆ ಏನು ನಡೆಯುತ್ತದೆ ಎಂಬುದೇ ಈ ಲೇಖನ.

ನನ್ನ ಮಾಮೂ 20 ಲೀಟರಿನ ನೀರಿನ ಕ್ಯಾನ್ ಮನೆಮನೆಗೆ ಹಾಕುತ್ತಾರೆ. ಒಂದು ಲಗೇಜ್ ಆಟೋ, ಒಬ್ಬ ಹುಡುಗ, ಒಂದು ಉದ್ದನೆಯ ನೋಟ್‌ಬುಕ್ಕು: ಇಷ್ಟೇ ಅವರ ವ್ಯಾಪಾರ. ಹುಡುಗ ಕ್ಯಾನ್ ಇಟ್ಟು ಹೋಗುವಾಗ ಮನೆಯವರು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಒಂದು ಗೀಟು ಹಾಕುತ್ತಾರೆ, ಅವನು ತನ್ನ ಚೀಟಿಯಲ್ಲಿ ಒಂದು ಗೀಟು ಹಾಕುತ್ತಾನೆ. ತಿಂಗಳ ಕೊನೆಯಲ್ಲಿ ಮಾಮೂ ರಾತ್ರಿ ಹನ್ನೆರಡರವರೆಗೆ ಕೂತು ಚೀಟಿಗಳನ್ನು ನೋಟ್‌ಬುಕ್ಕಿಗೆ ಏರಿಸುತ್ತಿದ್ದರು. ಜಮಾ, ಬಾಕಿ, ವಸೂಲಿ, ರಸೀದಿ. ನಮ್ಮ ಮನೆಯ ಉರ್ದುವಿನಲ್ಲೂ ಇವೇ ಮಾತು, ಗಿರಾಕಿಗಳ ಕನ್ನಡದಲ್ಲೂ ಇವೇ ಮಾತು. ಹಾಗಾಗಿ ಮಾಮೂಗೆ ಭಾಷೆ ಎಂದೂ ತೊಂದರೆ ಕೊಟ್ಟಿಲ್ಲ. ಕೂಡುವ ಕೆಲಸ ತೊಂದರೆ ಕೊಡುತ್ತಿತ್ತು.

ಫಸ್ಟ್ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಅವರಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ವೆಬ್ ಪುಟಗಳನ್ನು ನಡೆಸಲು ಬಳಸುವ ಪಿಎಚ್‌ಪಿ ಎಂಬ ಭಾಷೆಯನ್ನು ಯೂಟ್ಯೂಬ್ ನೋಡಿ ಒಂದಿಷ್ಟು ಕಲಿತಿದ್ದೆ. ಬಾಡಿಗೆಗೆ ಸಿಗುವ ಸಣ್ಣ ಸರ್ವರಿನಲ್ಲಿ ಅದನ್ನು ಇಟ್ಟೆವು. ಅದರಲ್ಲಿ 'ಬಿಲ್ ಮಾಡು' ಎಂಬ ಒಂದು ಬಟನ್. ಒತ್ತಿದರೆ ಪ್ರೋಗ್ರಾಂ ಒಂದೊಂದೇ ಮನೆಯನ್ನು ತೆಗೆದುಕೊಂಡು, ಆ ತಿಂಗಳ ಕ್ಯಾನ್ ಎಣಿಸಿ, ಮೊತ್ತವನ್ನು ಅವರ ಖಾತೆಗೆ ಬಾಕಿ ಎಂದು ಬರೆದು, ಅವರ ಫೋನಿಗೆ ಒಂದು ಎಸ್‌ಎಂಎಸ್ ಕಳಿಸಬೇಕು. ಮೊದಲ ತಿಂಗಳು 40 ಮನೆಗಳಿಗೆ ಮಾತ್ರ ಮಾಡಿ ನೋಡಿದೆವು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು. ಮಾಮೂ ಚಹಾ ಲೋಟ ಕೆಳಗಿಟ್ಟು "ಬಸ್? ಇಷ್ಟೇನಾ?" ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು.

ಮರುತಿಂಗಳು ಎಲ್ಲ 286 ಮನೆಗಳನ್ನೂ ಸೇರಿಸಿ ಬಟನ್ ಒತ್ತಿದೆ. ಚಕ್ರ ಸುತ್ತಿತು, ಸುತ್ತಿತು. ಒಂದು ನಿಮಿಷಕ್ಕೆ ಸರಿಯಾಗಿ ಪರದೆ ಬಿಳಿಯಾಗಿ '504 ಗೇಟ್‌ವೇ ಟೈಮ್-ಔಟ್' ಎಂದು ಬಂತು. ಕೆಲಸ ಆಗಲಿಲ್ಲ ಎಂದುಕೊಂಡೆ. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ 504. ಮೂರನೆಯ ಸಲ ಒತ್ತುವ ಮೊದಲು ಮಾಮೂ ಫೋನ್ ಬಡಿದುಕೊಳ್ಳತೊಡಗಿತು. "320 ರೂಪಾಯಿ ಬಾಕಿ ಅಂತ ಮೆಸೇಜ್ ಬಂತು, ಒಂದು ನಿಮಿಷ ಬಿಟ್ಟು 640 ಅಂತ ಬಂತು, ಏನ್ ಸಾಬ್ರೇ ಇದು?" 

ನಡೆದದ್ದು ಏನೆಂದು ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತು. ಅದನ್ನು ಸರಳವಾಗಿ ಹೇಳುತ್ತೇನೆ.

ಸರ್ವರ್ ಎಂದರೆ ಒಬ್ಬನೇ ಅಲ್ಲ. ನಾವು ಒತ್ತಿದ ಬಟನ್ ಮೊದಲು ಮುಟ್ಟುವುದು ಬಾಗಿಲಲ್ಲಿ ಕೂತ ವೆಬ್ ಸರ್ವರನ್ನು. ಕೌಂಟರಿನ ಗುಮಾಸ್ತ ಎಂದುಕೊಳ್ಳಿ. ಅವನು ಕಾಗದವನ್ನು ಒಳಗಿನ ಕೆಲಸಗಾರನಿಗೆ, ಅಂದರೆ ನನ್ನ ಪ್ರೋಗ್ರಾಂಗೆ, ದಾಟಿಸಿ ಉತ್ತರಕ್ಕೆ ಕಾಯುತ್ತಾನೆ. ಆದರೆ ಅವನು ಕಾಯುವುದಕ್ಕೂ ಒಂದು ಮಿತಿ ಇದೆ. ನಾವು ಬಳಸುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ, ಯಾರೂ ಬದಲಿಸದಿದ್ದರೆ, ಅದು 60 ಸೆಕೆಂಡು. ಮನೆಗೆ ಅರ್ಧ ಸೆಕೆಂಡಿನಂತೆ 286 ಮನೆಗೆ 143 ಸೆಕೆಂಡು ಬೇಕು. ಅರವತ್ತನೆಯ ಸೆಕೆಂಡಿಗೆ ಗುಮಾಸ್ತ ನನ್ನ ಕಡೆ ತಿರುಗಿ 504 ಎಂದ. ಒಳಗಿನ ಕೆಲಸಗಾರನಿಗೆ ಅದು ಗೊತ್ತೇ ಇಲ್ಲ. ಅವನು ತಲೆ ತಗ್ಗಿಸಿ ಬಿಲ್ ಬರೆಯುತ್ತಲೇ ಇದ್ದ. ನಾನು ಎರಡನೆಯ ಸಲ ಒತ್ತಿದಾಗ ಅವನ ಪಕ್ಕದಲ್ಲಿ ಇನ್ನೊಬ್ಬ ಕೂತು ಮೊದಲನೆಯ ಮನೆಯಿಂದ ಮತ್ತೆ ಶುರು ಮಾಡಿದ.

ಪಿಎಚ್‌ಪಿಯಲ್ಲಿ ಒಂದು ಪ್ರೋಗ್ರಾಂ 30 ಸೆಕೆಂಡಿಗಿಂತ ಹೆಚ್ಚು ನಡೆದರೆ ಅದನ್ನು ನಿಲ್ಲಿಸುವ ನಿಯಮ ಇದೆ ಎಂದು ನಾನು ಓದಿದ್ದೆ. ಅದಕ್ಕೇ, ಒಂದು ನಿಮಿಷ ಆಗಿದೆ ಎಂದರೆ ಅದು ಖಂಡಿತ ನಿಂತುಹೋಗಿದೆ ಎಂದು ನಂಬಿದ್ದೆ. ಅಲ್ಲೂ ಅರ್ಧ ತಿಳಿದಿದ್ದೆ. ಲಿನಕ್ಸ್ ಸರ್ವರಿನಲ್ಲಿ ಆ ಗಡಿಯಾರ ಪ್ರೋಗ್ರಾಂ ತಾನೇ ಕೆಲಸ ಮಾಡುವ ಹೊತ್ತನ್ನು ಮಾತ್ರ ಎಣಿಸುತ್ತದೆ. ಬೇರೆಯವರ ಉತ್ತರಕ್ಕೆ ಕಾಯುವ ಹೊತ್ತನ್ನು ಎಣಿಸುವುದಿಲ್ಲ. ನನ್ನ ಪ್ರೋಗ್ರಾಂ ಹೆಚ್ಚಿನ ಹೊತ್ತು ಎಸ್‌ಎಂಎಸ್ ಕಳಿಸುವವರ ಉತ್ತರಕ್ಕೆ ಕಾಯುತ್ತಾ ಕೂತಿತ್ತು. ಹಾಗಾಗಿ ಅದರ ಲೆಕ್ಕದಲ್ಲಿ 30 ಸೆಕೆಂಡು ಆಗಿರಲೇ ಇಲ್ಲ.

ಇಲ್ಲಿಗೆ ನನ್ನ ಮಾತಿನ ತಿರುಳು ಬಂತು. 504 ಎಂಬುದರ ಅರ್ಥ 'ಕೆಲಸ ಆಗಲಿಲ್ಲ' ಎಂದಲ್ಲ. 'ನನಗೆ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ' ಎಂದು ಮಾತ್ರ. ಅಂದರೆ 'ಗೊತ್ತಿಲ್ಲ'. ನಾನು 'ಗೊತ್ತಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಿದೆ. 286 ಮನೆಗಳ ತಪ್ಪು ಹುಟ್ಟಿದ್ದು ಅಲ್ಲಿ.

ಇನ್ನೂ ಒಂದು ಕಡೆ ನಾನು ಮೋಸ ಹೋದೆ. ಕಾಮರ್ಸ್ ವಿದ್ಯಾರ್ಥಿನಿ ಅಲ್ಲವೇ, ಪ್ರೋಗ್ರಾಂನಲ್ಲಿ ತಾಳೆಪಟ್ಟಿಯನ್ನೂ ಸೇರಿಸಿದ್ದೆ. ಗಿರಾಕಿಯ ಖಾತೆಗೆ ಡೆಬಿಟ್, ಮಾರಾಟದ ಖಾತೆಗೆ ಕ್ರೆಡಿಟ್, ಕೊನೆಗೆ ಎರಡೂ ಸಮ ಬಂದರೆ ಹಸಿರು ದೀಪ. ಆ ದಿನ ದೀಪ ಹಸಿರಾಗಿಯೇ ಇತ್ತು! ಏಕೆಂದರೆ ಎರಡೂ ಕಡೆ ಎರಡೆರಡು ಸಲ ಏರಿತ್ತು. ತಾಳೆಪಟ್ಟಿ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ, ಪೂರ್ತಿ ಬಿಟ್ಟುಹೋದ ವ್ಯವಹಾರವೂ ಎರಡು ಸಲ ಬರೆದ ವ್ಯವಹಾರವೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ ಎಂದು ಅಕೌಂಟೆನ್ಸಿ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಐದು ಅಂಕದ ಉತ್ತರ ಎಂದು ಬಾಯಿಪಾಠ ಮಾಡಿದ್ದೆ. ನನ್ನ ಮೇಲೇ ಬರುತ್ತದೆ ಎಂದುಕೊಂಡಿರಲಿಲ್ಲ.

ಸರಿಮಾಡಿದ್ದು ಕ್ಯಾಲೆಂಡರಿನ ಗೀಟುಗಳು. ನಾನೂ ಮಾಮೂನೂ ಹತ್ತು ದಿನ ಸಂಜೆ ಮನೆಮನೆಗೆ ಹೋದೆವು. ಹೆಚ್ಚಿನವರು ಮೊದಲ ದಿನವೇ ಫೋನ್ ಮಾಡಿ ಬೈದಿದ್ದರು. ಅವರ ಲೆಕ್ಕ ಸರಿಮಾಡುವುದು ಸುಲಭವಾಯಿತು. ನನ್ನನ್ನು ಕುಗ್ಗಿಸಿದವರು ಬೈಯದೆ ಇದ್ದವರು. ರೈಲ್ವೆ ಹಳಿಯ ಕಡೆಯ ಓಣಿಯಲ್ಲಿ ಒಬ್ಬರು ತಮಿಳು ಅಜ್ಜಿ ಇದ್ದಾರೆ, ನಾವೆಲ್ಲ ಪಾಟಿ ಎನ್ನುತ್ತೇವೆ. ಒಬ್ಬರೇ ಇರುವುದು. ತಿಂಗಳಿಗೆ ನಾಲ್ಕು ಕ್ಯಾನ್, 160 ರೂಪಾಯಿ. ಅವರು 320 ಕೊಟ್ಟುಬಿಟ್ಟಿದ್ದರು. ಯಾಕೆ ಪಾಟಿ ಕೇಳಲಿಲ್ಲ ಎಂದರೆ, "ಬಿಸಿಲು ಜಾಸ್ತಿ ಅಲ್ವಾಮ್ಮಾ, ನೀರು ಜಾಸ್ತಿ ಕುಡಿದಿರಬೇಕು ಅಂದ್ಕೊಂಡೆ" ಎಂದರು. ಗೋಡೆಯ ಮೇಲೆ ಅವರದೇ ಕೈಯ ನಾಲ್ಕು ಗೀಟು ಇತ್ತು. ಆದರೂ ತಮ್ಮ ಗೀಟಿಗಿಂತ ನನ್ನ ಕಂಪ್ಯೂಟರಿನ ಮೆಸೇಜನ್ನು ನಂಬಿದ್ದರು.

ಹಾಗೆ ಸುಮ್ಮನೆ ಎರಡು ಪಟ್ಟು ಕೊಟ್ಟವರ ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ವಯಸ್ಸಾದವರು, ಓದಲು ಬಾರದವರು, ಮಕ್ಕಳ ಫೋನ್ ನಂಬರ್ ಕೊಟ್ಟವರು. ಯಂತ್ರದ ತಪ್ಪು ಎಲ್ಲರ ಮೇಲೂ ಒಂದೇ ರೀತಿ ಬೀಳುತ್ತದೆ, ಆದರೆ ಎಲ್ಲರಿಗೂ ಒಂದೇ ರೀತಿ ತಟ್ಟುವುದಿಲ್ಲ. ಕೇಳುವ ಧೈರ್ಯ ಇದ್ದವರಿಗೆ ಹಣ ಮರಳಿ ಬರುತ್ತದೆ. ಕೇಳದವರ ಹಣ ನಮ್ಮ ಲೆಕ್ಕದಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿರುತ್ತದೆ.

ಇದರ ಉಲ್ಟಾ ಕತೆಯೂ ನನ್ನ ಹತ್ತಿರವೇ ಇದೆ. ನನ್ನ ಗೆಳತಿ ಒಬ್ಬಳು ಒಂದು ಸಹಾಯಧನಕ್ಕೆ ಆನ್‌ಲೈನ್ ಅರ್ಜಿ ಹಾಕಿದ್ದಳು. ಯಾವ ತಾಣ ಎಂಬುದು ಇಲ್ಲಿ ಮುಖ್ಯವಲ್ಲ. ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಕೂತು ಆದಾಯ ಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಏರಿಸಿ 'ಸಲ್ಲಿಸು' ಒತ್ತಿದಾಗ ಪುಟ ಖಾಲಿಯಾಯಿತು. ತಪ್ಪು ಎಂದೂ ಬರಲಿಲ್ಲ, ಸರಿ ಎಂದೂ ಬರಲಿಲ್ಲ. ಆಗಿರಬೇಕು ಎಂದು ಎದ್ದು ಬಂದಳು. ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ದಾಟಿತ್ತು. ನಾನು 'ಗೊತ್ತಿಲ್ಲ'ವನ್ನು 'ಇಲ್ಲ' ಎಂದು ಓದಿ ಬೇರೆಯವರಿಗೆ ನಷ್ಟ ಮಾಡಿದೆ. ಅವಳು 'ಗೊತ್ತಿಲ್ಲ'ವನ್ನು 'ಹೌದು' ಎಂದು ಓದಿ ತಾನೇ ನಷ್ಟ ಮಾಡಿಕೊಂಡಳು. ಜನರು ಎರಡೆರಡು ಸಲ ಒತ್ತುತ್ತಾರೆ ಎಂದು ಬೈಯುವವರೂ ಇದ್ದಾರೆ, ಸರಿಯಾಗಿ ನೋಡದೆ ಎದ್ದು ಹೋಗುತ್ತಾರೆ ಎಂದು ಬೈಯುವವರೂ ಇದ್ದಾರೆ. ಖಾಲಿ ಪುಟದ ಎದುರು ಕೂತವರು ಇನ್ನೇನು ಮಾಡಬೇಕಿತ್ತು?

ಇದಕ್ಕೆ ದಾರಿ ಇಲ್ಲವೇ? ಇದೆ, ಮತ್ತು ಅದು ನಮ್ಮ ದಿನದ ಬಳಕೆಯಲ್ಲೇ ಇದೆ. 2016ರಲ್ಲಿ ಶುರುವಾದ ಯುಪಿಐ ನೋಡಿ. ಅಂಗಡಿಯಲ್ಲಿ ಹಣ ಕಳಿಸಿದಾಗ 'ಯಶಸ್ವಿ', 'ವಿಫಲ' ಎಂಬ ಎರಡು ಉತ್ತರಗಳ ಜೊತೆಗೆ ಮೂರನೆಯದೂ ಇದೆ, 'ಪೆಂಡಿಂಗ್'. ಅಂದರೆ ಯಂತ್ರ ನಾಚಿಕೆಪಡದೆ 'ನನಗಿನ್ನೂ ಗೊತ್ತಿಲ್ಲ, ಕಾಯಿರಿ' ಎನ್ನುತ್ತದೆ. ಅಷ್ಟಕ್ಕೇ ಬಿಟ್ಟಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ನಮ್ಮ ಖಾತೆಯಿಂದ ಹೋಗಿ ಆ ಕಡೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಗೆ ಕೊಟ್ಟ ಹಣಕ್ಕೂ ಎಟಿಎಂಗೂ ಐದು ದಿನದ ಗಡುವು. ಈ ಪರಿಹಾರವನ್ನು ಗ್ರಾಹಕ ದೂರು ಕೊಡದಿದ್ದರೂ ಕೊಡಬೇಕು ಎನ್ನುವುದೇ ಆ ಸುತ್ತೋಲೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು. ನಮ್ಮ ಪಾಟಿಯಂಥವರನ್ನು ನೆನೆದು ಬರೆದ ಹಾಗಿದೆ.

ಆದರೆ 'ಗೊತ್ತಿಲ್ಲ' ಎಂದಮೇಲೆ ಹೇಗೆ ವಿಚಾರಿಸಬೇಕು ಎಂಬುದಕ್ಕೂ ಶಿಸ್ತು ಬೇಕು. 2025ರ ಏಪ್ರಿಲ್ 12, ಶನಿವಾರ, ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತಡವರಿಸಿತು. ಯುಪಿಐ ನಡೆಸುವ ಎನ್‌ಪಿಸಿಐ ಆಮೇಲೆ ಹೇಳಿದ ಮುಖ್ಯ ಕಾರಣ, ಕೆಲವು ಬ್ಯಾಂಕುಗಳ ಕಡೆಯಿಂದ 'ಆ ವ್ಯವಹಾರ ಏನಾಯಿತು, ಏನಾಯಿತು' ಎಂದು ವಿಚಾರಿಸುವ ಕೋರಿಕೆಗಳ ಪ್ರವಾಹವೇ ಬಂದದ್ದು. ನಾನು ಒಬ್ಬಳೇ ಕೂತು ಬಟನ್ ಮತ್ತೆ ಒತ್ತಿದ್ದನ್ನು ಅಲ್ಲಿ ಯಂತ್ರಗಳು ಬಿಡುವಿಲ್ಲದೆ ಮಾಡಿದ್ದವು. ಆ ಬಳಿಕ ಹೀಗೆ ವಿಚಾರಿಸುವುದಕ್ಕೆ ಮಿತಿ ಹಾಕಿದರು.

ನಮ್ಮ ರಾಜ್ಯದಲ್ಲೂ ಎಲ್ಲರೂ ಒಟ್ಟಿಗೆ ಬಾಗಿಲು ಬಡಿದ ಉದಾಹರಣೆ ಇದೆ. 2023ರ ಜೂನ್ 18ರಂದು ಸೇವಾ ಸಿಂಧು ತಾಣದಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ 'ಸರ್ವರ್ ಬ್ಯುಸಿ' ಎಂಬುದು ಬೀದಿಬೀದಿಯ ಮಾತಾಗಿತ್ತು. ಮರುತಿಂಗಳು 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಯಾರು, ಎಲ್ಲಿ, ಯಾವ ಹೊತ್ತಿಗೆ ಬರಬೇಕು ಎಂದು ಮೊದಲು ಎಸ್‌ಎಂಎಸ್ ಮೂಲಕ ತಿಳಿಸುವ ಏರ್ಪಾಡು ಮಾಡಿದರು. ನ್ಯಾಯಬೆಲೆ ಅಂಗಡಿಯ ಟೋಕನ್ ಪದ್ಧತಿಯ ಹಾಗೆ. ದೊಡ್ಡ ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸಲು ಹೋಗದೆ ಸಾಲಿನಲ್ಲಿ ನಿಲ್ಲಿಸುವುದು ಸರ್ವರಿಗೂ ಒಳ್ಳೆಯದು, ಜನರಿಗೂ ಒಳ್ಳೆಯದು.

ಮಾಮೂ ಪ್ರೋಗ್ರಾಂ ಅನ್ನು ನಾನು ಮತ್ತೆ ಬರೆದೆ. ಕಂಪ್ಯೂಟರ್ ಓದುವ ಗೆಳೆಯರಿಗೆ ಉಪಯೋಗವಾದೀತು ಎಂದು ಬದಲಾಯಿಸಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಬಿಲ್ಲಿಗೆ ಗುರುತು. 'ಮನೆ ಸಂಖ್ಯೆ, ತಿಂಗಳು' ಎರಡೂ ಸೇರಿ ಒಂದು ಗುರುತು. ಅದೇ ಗುರುತಿನ ಎರಡನೆಯ ಬಿಲ್ಲನ್ನು ಡೇಟಾಬೇಸ್ ತಾನೇ ಒಳಗೆ ಬಿಡುವುದಿಲ್ಲ. ಈಗ ಬಟನ್ನನ್ನು ಹತ್ತು ಸಲ ಒತ್ತಿದರೂ ಬಿಲ್ ಒಂದೇ. ಅದೇ ನಂಬರಿನ ಚೆಕ್ಕಿಗೆ ಬ್ಯಾಂಕು ಎರಡು ಸಲ ಹಣ ಕೊಡುತ್ತದೆಯೇ?

ಎರಡನೆಯದು, ಬಟನ್ ಈಗ ಬಿಲ್ ಮಾಡುವುದಿಲ್ಲ. 286 ಹೆಸರುಗಳನ್ನು 'ಬಾಕಿ ಇರುವ ಕೆಲಸ' ಎಂಬ ಪಟ್ಟಿಗೆ ಬರೆದು, ಒಂದೇ ಸೆಕೆಂಡಿನಲ್ಲಿ 'ಕೆಲಸ ಒಪ್ಪಿಕೊಂಡಿದ್ದೇನೆ, ಇದು ಸಂಖ್ಯೆ' ಎಂದು ರಸೀದಿ ಕೊಡುತ್ತದೆ. ಪರದೆಯ ಹಿಂದೆ ಬೇರೊಂದು ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಎದ್ದು ಪಟ್ಟಿಯಿಂದ ಇಪ್ಪತ್ತು ಮನೆ ತೆಗೆದುಕೊಂಡು ಮುಗಿಸುತ್ತದೆ. ನಡುವೆ ಕರೆಂಟ್ ಹೋದರೂ ಎಲ್ಲಿಗೆ ನಿಂತಿತ್ತು ಎಂಬುದು ಪಟ್ಟಿಯಲ್ಲಿ ಉಳಿದಿರುತ್ತದೆ.

ಮೂರನೆಯದು ಹೇಳಲು ನಾಚಿಕೆಯಾಗುತ್ತದೆ. ಪಿಎಚ್‌ಪಿಯಲ್ಲಿ ಒಂದು ಸಾಲಿನ ಮುಂದೆ '@' ಚಿಹ್ನೆ ಹಾಕಿದರೆ ಆ ಸಾಲು ಕೊಡುವ ಎಚ್ಚರಿಕೆಗಳು ಕಾಣಿಸುವುದಿಲ್ಲ. ಪುಟ ಅಂದವಾಗಿ ಕಾಣಲಿ ಎಂದು ಎಸ್‌ಎಂಎಸ್ ಕಳಿಸುವ ಸಾಲಿಗೆ ನಾನು ಅದನ್ನು ಹಾಕಿದ್ದೆ. ಒಂಬತ್ತು ಮನೆಗಳ ಫೋನ್ ನಂಬರ್ ತಪ್ಪಿತ್ತು, ಅವರಿಗೆ ಮೆಸೇಜೇ ಹೋಗಿರಲಿಲ್ಲ. ಪ್ರೋಗ್ರಾಂ ಅದನ್ನು ಹೇಳಲು ಬಾಯಿ ತೆರೆದಿತ್ತು, ನಾನೇ ಕೈಯಿಟ್ಟು ಮುಚ್ಚಿದ್ದೆ. ಈಗ ಒಂದು ಮನೆಯಲ್ಲಿ ತಪ್ಪಾದರೆ ಉಳಿದವರ ಕೆಲಸ ನಿಲ್ಲುವುದಿಲ್ಲ, ಆದರೆ ಆ ತಪ್ಪು ದಿನಾಂಕ, ಹೊತ್ತು, ಮನೆ ಸಂಖ್ಯೆ, ಕಾರಣಗಳೊಂದಿಗೆ ಒಂದು ಕಡತಕ್ಕೆ ಬೀಳುತ್ತದೆ. ಬೆಳಿಗ್ಗೆ ಮಾಮೂ ಮೊದಲು ನೋಡುವುದು ಅದನ್ನೇ.

ಇದನ್ನೆಲ್ಲ ಕೇಳಿದ ನನ್ನ ತಮ್ಮ, "ಜನರಿಗೆ ಇಷ್ಟೆಲ್ಲ ತೋರಿಸಿದರೆ ಗಾಬರಿಯಾಗುವುದಿಲ್ಲವೇ" ಎಂದ. ಮಾತು ಸುಳ್ಳಲ್ಲ. ಸರ್ವರಿನ ಒಳಗಿನ ದೋಷದ ವಿವರವನ್ನು ಪರದೆಯ ಮೇಲೆ ಸುರಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗೂ ಆಗುತ್ತದೆ. ವಿವರ ಒಳಗಿನ ಕಡತದಲ್ಲೇ ಇರಲಿ. ಹೊರಗೆ ಕೂತವರಿಗೆ ಮೂರು ಮಾತು ಸಾಕು: ಆಯಿತು, ಆಗಲಿಲ್ಲ, ಇನ್ನೂ ಗೊತ್ತಿಲ್ಲ. ಮೂರನೆಯದಾದರೆ ಯಾವಾಗ ಗೊತ್ತಾಗುತ್ತದೆ, ಮತ್ತೆ ಒತ್ತಬೇಕೋ ಬೇಡವೋ ಎಂಬುದನ್ನೂ ಕನ್ನಡದಲ್ಲಿ ಹೇಳಬೇಕು. ಸಂಖ್ಯೆ 504 ಯಾರಿಗೆ ಏನು ಹೇಳುತ್ತದೆ?

ಕಾಮರ್ಸ್‌ನವರಾದ ನಮಗೆ ಇದು ಹೊಸದಲ್ಲ. ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದು, ಕಾರಣ ಸಿಗದಿದ್ದರೆ ನಾವು ಆ ಮೊತ್ತವನ್ನು ಅಳಿಸಿಹಾಕುವುದಿಲ್ಲ, ಯಾರದೋ ಖಾತೆಗೆ ತುರುಕುವುದೂ ಇಲ್ಲ. ಸಸ್ಪೆನ್ಸ್ ಅಕೌಂಟ್ ಎಂದು ಬೇರೆ ತೆರೆದು ಅಲ್ಲಿಡುತ್ತೇವೆ. ಕಾರಣ ಸಿಗುವವರೆಗೂ ಅದು ಎಲ್ಲರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. 'ಗೊತ್ತಿಲ್ಲ' ಎಂಬುದಕ್ಕೂ ಒಂದು ಖಾತೆ ಬೇಕು ಎಂದು ಲೆಕ್ಕ ಬರೆಯುವವರು ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದರು.

ಅದಕ್ಕೇ ನಮ್ಮ ಕಾಲೇಜಿಗೆ ನನ್ನದೊಂದು ವಿನಂತಿ. ಅರ್ಜಿಗಳ ಕಾಲ ಬಂದಾಗ ಲೈಬ್ರರಿಯ ಕಂಪ್ಯೂಟರ್ ಪಕ್ಕದಲ್ಲಿ ಒಂದು ರಿಜಿಸ್ಟರ್ ಇಡೋಣ. ಅರ್ಜಿ ಹಾಕಿದ ಪ್ರತಿಯೊಬ್ಬರೂ ಹೆಸರು, ತರಗತಿ, ದಿನಾಂಕ, ಹೊತ್ತು ಬರೆದು, ಕೊನೆಯ ಕಲಮಿನಲ್ಲಿ ಸ್ವೀಕೃತಿ ಸಂಖ್ಯೆ ಬರೆಯಲಿ. ಸಂಖ್ಯೆ ಬರದಿದ್ದರೆ ಪರದೆಯ ಮೇಲೆ ಏನು ಬಂತೋ ಅದನ್ನು ಬರೆದು ಫೋಟೋ ತೆಗೆದಿಟ್ಟುಕೊಳ್ಳಲಿ. ಎರಡು ದಿನಕ್ಕೊಮ್ಮೆ ಉಪನ್ಯಾಸಕರೊಬ್ಬರು ಆ ಕಲಮ್ ಖಾಲಿ ಇರುವ ಹೆಸರುಗಳನ್ನು ಕರೆಸಿ ಮತ್ತೊಮ್ಮೆ ಪರಿಶೀಲಿಸಲಿ. ಖರ್ಚು ಒಂದು ನೋಟ್‌ಬುಕ್ಕಿನದು. ಇಂಥದ್ದೊಂದು ಇದ್ದಿದ್ದರೆ ನನ್ನ ಗೆಳತಿಯ ಖಾಲಿ ಕಲಮ್ ಕೊನೆಯ ದಿನಾಂಕಕ್ಕೆ ಮೊದಲೇ ಯಾರದಾದರೂ ಕಣ್ಣಿಗೆ ಬೀಳುತ್ತಿತ್ತು. ಆಫೀಸಿನವರೂ ಪ್ರಿನ್ಸಿಪಾಲರೂ ಒಪ್ಪಿದರೆ ಮೊದಲ ವರ್ಷದ ರಿಜಿಸ್ಟರ್ ನೋಡಿಕೊಳ್ಳಲು ನಾನು ತಯಾರಿದ್ದೇನೆ.

ಪಾಟಿಗೆ 160 ರೂಪಾಯಿ ಮರಳಿ ಕೊಡಲು ಹೋದ ದಿನ ಅವರು ತೆಗೆದುಕೊಳ್ಳಲಿಲ್ಲ, ಮುಂದಿನ ತಿಂಗಳಿಗೆ ಇಟ್ಟುಕೋ ಎಂದರು. "ತಪ್ಪು ಮಾಡಿದ್ದು ಕಂಪ್ಯೂಟರಾ?" ಎಂದು ಕೇಳಿದರು. ಹೌದು ಎಂದುಬಿಡುವುದು ಸುಲಭವಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ, ಸರ್ವರ್ ಪ್ರಾಬ್ಲಂ ಎಂದು. "ಇಲ್ಲ ಪಾಟಿ, ನಾನೇ ಮಾಡಿದ್ದು" ಎಂದೆ. ಅವರು ಗೋಡೆಯ ಕ್ಯಾಲೆಂಡರಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. ಜೂನ್ ತಿಂಗಳ ಪುಟದ ಮೂಲೆಯಲ್ಲಿ '160 ಜಮಾ' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿ ಬಂದೆ.